ಮಾದರಿ ಕಳಿಸಿದವರು ಪ್ರಶ್ನೆಯನ್ನೂ ಕೇಳಲಿ

ಕಾಗವಾಡದವರಿಗೆ ಮಹಾರಾಷ್ಟ್ರದ ಮಿರಜ್ ಹತ್ತಿರ, ಬೆಳಗಾವಿ ದೂರ. ಉಗಾರ, ಶೇಡಬಾಳ, ಐನಾಪುರ, ಅಥಣಿ ಕಡೆ ಯಾರಿಗಾದರೂ ಉಸಿರು ಹಿಡಿದುಕೊಂಡಿತೆಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ‘ಮಿರಜಕ್ಕ ಒಯ್ಯೂಣು ನಡೀರಿ’. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಬೆಳೆದುಬಂದ ವಾಡಿಕೆ ಇದು. ಇಂದಿನ ರಾಜ್ಯಗಡಿ ಬಂದದ್ದು ಅದಕ್ಕಿಂತ ಎಷ್ಟೋ ಆಮೇಲೆ. ನಿಪ್ಪಾಣಿಯವರು ಹೀಗೆಯೇ ಕೊಲ್ಹಾಪುರದ ಕಡೆ ಮುಖ ಮಾಡುತ್ತಾರೆ. 2021ರ ಕೋವಿಡ್ ಕಾಲದಲ್ಲಿ ಗಡಿಯ ಕೊಗನೊಳ್ಳಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಆರ್‌ಟಿಪಿಸಿಆರ್ ವರದಿ ಕೇಳುತ್ತ ನಿಂತಿದ್ದಾಗಲೂ ಕಾಯಿಲೆಯವರ ದಾರಿ ಬದಲಾಗಲಿಲ್ಲ.

ಹಾಗೆ ಹೋದವರಲ್ಲಿ ಕೆಲವರು ಅಲ್ಲೇ ತೀರಿಕೊಂಡರು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು. ಆದ್ದರಿಂದ ಕಾಗವಾಡ ತಾಲ್ಲೂಕಿನ ರೈತನ ಸಾವು ಮಿರಜ್ ಇರುವ ಸಾಂಗ್ಲಿ ಜಿಲ್ಲೆಯ ಪುಸ್ತಕಕ್ಕೆ ಸೇರುತ್ತದೆ. ಕಾಯ್ದೆಗೆ ಅದು ಸರಿಯಾದ ಲೆಕ್ಕ. ಆದರೆ ಯಾವ ಹಳ್ಳಿಯಲ್ಲಿ ಪಿಡುಗು ಯಾರನ್ನು ಒಯ್ದಿತು, ಯಾಕೆ ಒಯ್ದಿತು, ಎಷ್ಟನೆಯ ದಿನ ದವಾಖಾನೆ ಮುಟ್ಟಿದ್ದರೆ ಉಳಿಯುತ್ತಿದ್ದರು ಎಂದು ತಿಳಿಯಬೇಕಾದವರಿಗೆ ಆ ಪುಸ್ತಕ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಊರಿನ ಆಶಾ ಕಾರ್ಯಕರ್ತೆಯ ಬಳಿ. ಯಾವ ಮನೆಯಲ್ಲಿ ಯಾರು ಎಂದು ಮಲಗಿದರು, ಯಾವ ಅಂಗಡಿಯಿಂದ ಗುಳಿಗೆ ತಂದರು, ಯಾವ ವಾಹನ ಯಾವ ಆಸ್ಪತ್ರೆಯ ಬಾಗಿಲಿಂದ ಮರಳಿತು, ಎಲ್ಲವೂ ಆಕೆಗೆ ಗೊತ್ತು. ಆಕೆಯನ್ನು ಯಾರೂ ಕೇಳಲಿಲ್ಲ. ಕೇಳುವವರು ಇದ್ದರೂ ಆಕೆ ಅದನ್ನು ಬರೆದಿಡುವ ಪುಸ್ತಕ ಇರಲಿಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಂಬ ಚಿಕ್ಕೋಡಿ ಉಪವಿಭಾಗದ ಈ ಐದು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನಾನು ಹೇಳಬೇಕೆಂದಿರುವುದು ಇಷ್ಟು: ಕೋವಿಡ್ ಕಾಲದಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮೂಗಿನ ದ್ರವ, ರಕ್ತ ಮತ್ತು ಅಂಕಿಸಂಖ್ಯೆಯನ್ನು ಮೇಲಕ್ಕೆ ಕಳಿಸುವ ಕೌಂಟರುಗಳಂತೆ ನಡೆಸಿಕೊಂಡೆವು. ಪ್ರಶ್ನೆ ಮೇಲಿಂದ ಬಂತು, ಉತ್ತರವೂ ಮೇಲೆಯೇ ಉಳಿಯಿತು. ಸಂಶೋಧನೆ ಅಲ್ಲಿನ ಸಿಬ್ಬಂದಿಯ ಕೈಯಲ್ಲಿ ಆಗದ ಕೆಲಸ ಎಂಬ ನಂಬಿಕೆ ಇದರ ಹಿಂದೆ ಇದೆ. ಆ ನಂಬಿಕೆ ತಪ್ಪು ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಅದು ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಹೆರಿಗೆಯ ನಂತರದ ರಕ್ತಸ್ರಾವ ಆಗ ಬಾಣಂತಿಯರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಸೂಜಿ ಹಾಕುವವರು ಬೇಕು. ಉಪಕೇಂದ್ರದಲ್ಲಿ ಎರಡೂ ನೆಚ್ಚುವ ಹಾಗಿರಲಿಲ್ಲ. ಹಾಗಿದ್ದರೆ ಮಿಸೊಪ್ರೊಸ್ಟಾಲ್ ಎಂಬ ನುಂಗುವ ಮಾತ್ರೆ ಆ ಕೆಲಸ ಮಾಡೀತೇ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1,620 ಮಹಿಳೆಯರಲ್ಲಿ 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ತಿಳಿಯದ ಹಾಗೆ ಏರ್ಪಾಡು. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ಸುರಿದ ರಕ್ತವನ್ನು ಅಳೆದವರು 25 ಮಂದಿ ಎಎನ್‌ಎಂಗಳು, ಅಂದರೆ ಊರವರು ಸಿಸ್ಟರ್ ಎಂದು ಕರೆಯುವ ಸಹಾಯಕ ದಾದಿಯರು.

ಅಳೆದದ್ದು ಹೇಗೆ ಎಂಬುದೇ ಒಂದು ಸ್ವಾರಸ್ಯದ ಕಥೆ. ಆವರೆಗೆ ಹೆರಿಗೆ ಕೋಣೆಯಲ್ಲಿ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಈ ಪ್ರಯೋಗಕ್ಕಾಗಿ ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ರೂಪಿಸಿ ತಾಯಿಯ ಕೆಳಗೆ ಹಾಸಿದರು. ಕಣ್ಣಂದಾಜು ನಿಜವಾದ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತದೆ ಎಂಬುದು ಆಗ ಬಯಲಾಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಆ ಬಗೆಯ ಪುರಾವೆಗಳ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆಚೀಲದ ವಿಚಾರವಂತೂ ಇನ್ನೂ ದೂರ ಹೋಯಿತು. ಅಂಥದೇ ಚೀಲವನ್ನು ಹಾಸಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ರಕ್ತಸ್ರಾವವನ್ನು ಬೇಗ ಗುರುತಿಸಿ ಹಲವು ಚಿಕಿತ್ಸೆಗಳನ್ನು ಒಟ್ಟಿಗೇ ಕೊಟ್ಟರೆ ತೀವ್ರ ಪ್ರಕರಣಗಳು ಶೇ 60ರಷ್ಟು ಇಳಿಯುತ್ತವೆ ಎಂದು ಅದು ತೋರಿಸಿತು. ಇನ್ನು ಬೆಳಗಾವಿಯ ಆ ಮೊದಲ ಪ್ರಬಂಧದ ಲೇಖಕರ ಪಟ್ಟಿ ನೋಡಿದರೆ ಅಲ್ಲಿ ವೈದ್ಯರ, ತಜ್ಞರ ಹೆಸರುಗಳಿವೆ. ದಾದಿಯರು ‘25’ ಎಂಬ ಅಂಕಿಯಾಗಿ ಉಳಿದಿದ್ದಾರೆ. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಆ ವೈದ್ಯರು, ಸಂಶೋಧಕರ ಜಾಲದಲ್ಲಿಯೇ ಬೆಳಗಾವಿಯ ಹಳ್ಳಿಗಳ ಗರ್ಭಿಣಿಯರ ದಾಖಲೆ ಪುಸ್ತಕವೊಂದು ವರ್ಷಗಳಿಂದ ನಡೆದುಬಂದಿದೆ. ಬಸುರಿಯನ್ನು ಮೊದಲೇ ಗುರುತಿಸಿ, ಹೆರಿಗೆ ಎಲ್ಲಿಯೇ ಆಗಲಿ, ನಂತರದ 42 ದಿನಗಳವರೆಗೆ ತಾಯಿ ಮಗುವಿನ ಸ್ಥಿತಿಯನ್ನು ಬರೆಯುವ ಪದ್ಧತಿ ಅದು. ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಸೀಮೆಯಲ್ಲಿ, ಅದರಲ್ಲೂ ತವರು ಗಡಿಯಾಚೆಯ ಜತ್ತ, ಶಿರೋಳ, ಕಾಗಲ್‌ಗಳಲ್ಲಿರುವ ಸೊಸೆಯಂದಿರ ಗಡಿ ತಾಲ್ಲೂಕುಗಳಲ್ಲಿ, ಜನರ ಹಿಂದೆ ಹೋಗುವ ಇಂಥ ಪುಸ್ತಕದ ಬೆಲೆ ಹೆಚ್ಚು. ಇದೇ ಸಿದ್ಧತೆಯ ಬಲದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ತಡೆಯುತ್ತದೆಯೇ ಎಂದು ಆರು ದೇಶಗಳ 11,976 ಮಹಿಳೆಯರಲ್ಲಿ ನೋಡಿದ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. ಉತ್ತರ ಹೌದು ಎಂದು ಬಂತು, 2020ರ ಜನವರಿಯಲ್ಲಿ ಅದು ಪ್ರಕಟವಾಯಿತು.

ಆದರೆ ನನ್ನ ವಾದಕ್ಕೆ ಗೆದ್ದ ಪ್ರಯೋಗಗಳಿಗಿಂತ ಸೋತ ಒಂದು ಪ್ರಯೋಗ ಹೆಚ್ಚು ಬೇಕು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಲಕ್ಷಣ ಕಂಡರೆ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ ಎಂಬುದು ದೊಡ್ಡ ಆಸ್ಪತ್ರೆಗಳಲ್ಲಿ ಹಲವು ದಶಕಗಳಿಂದ ತಿಳಿದ ಸತ್ಯ. ಹಾಗಾದರೆ ಹಳ್ಳಿಗೂ ಒಯ್ಯೋಣ ಎಂದು ಆರು ದೇಶಗಳಲ್ಲಿ, ಬೆಳಗಾವಿ ಮತ್ತು ನಾಗಪುರವನ್ನೂ ಸೇರಿಸಿಕೊಂಡು, ಪ್ರಯೋಗ ನಡೆಯಿತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬುಗೊಳಿಸಿತು. ಚುಚ್ಚುಮದ್ದು ಹೋದ ಕಡೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 23.9ರ ಬದಲು 27.4 ಆಗಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಗರ್ಭದ ವಾರ ಎಣಿಸಲು ಸ್ಕ್ಯಾನಿಂಗ್ ಇಲ್ಲದ, ಹುಟ್ಟಿದ ಕೂಸನ್ನು ನೋಡಿಕೊಳ್ಳುವ ಘಟಕ ಇಲ್ಲದ ಜಾಗದಲ್ಲಿ ಆಸ್ಪತ್ರೆಯ ಔಷಧಿ ಅದೇ ಔಷಧಿಯಾಗಿ ಉಳಿಯಲಿಲ್ಲ. ಹಳ್ಳಿಯ ದವಾಖಾನೆಯಲ್ಲಿ ಪರೀಕ್ಷಿಸದೆ ಹಳ್ಳಿಯ ದವಾಖಾನೆಗೆ ಆದೇಶ ಕಳಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಗೊತ್ತಿಲ್ಲ.

ಅದೇ ಡೆಕ್ಸಾಮೆಥಾಸೋನ್ ಐದು ವರ್ಷಗಳ ನಂತರ ಮತ್ತೊಂದು ವೇಷದಲ್ಲಿ ಬಂತು. ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನ್ 16ರಂದು ತನ್ನ ಫಲಿತಾಂಶ ಹೇಳಿತು: ವೆಂಟಿಲೇಟರಿನ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಈ ಅಗ್ಗದ ಔಷಧಿ ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸುತ್ತದೆ. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನವಿಲ್ಲ. ಮೊದಲ ಸಾಲು ಎಲ್ಲರಿಗೂ ತಲುಪಿತು, ಎರಡನೆಯದು ತಲುಪಲಿಲ್ಲ. 2021ರ ಎರಡನೇ ಅಲೆಯಲ್ಲಿ ಮನೆಯಲ್ಲಿದ್ದವರಿಗೂ ಜ್ವರದ ಎರಡನೇ ದಿನಕ್ಕೇ ಸ್ಟೀರಾಯ್ಡ್ ಸಿಕ್ಕಿತು. ಆ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳು ಆಸ್ಪತ್ರೆ ತುಂಬಿದಾಗ, ಅನಿಯಂತ್ರಿತ ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡಿನ ಅತಿಬಳಕೆಯೂ ಕಾರಣಗಳ ಪಟ್ಟಿಯಲ್ಲಿ ಮುಂದೆ ನಿಂತಿತು. ಯಾವ ಊರಿನಲ್ಲಿ ಎಷ್ಟು ಜನ, ಯಾರ ಚೀಟಿಯ ಮೇಲೆ, ಯಾವ ದಿನದಿಂದ ಅದನ್ನು ನುಂಗಿದರು ಎಂಬ ದಾಖಲೆ ಚಿಕ್ಕೋಡಿ, ರಾಯಬಾಗಗಳ ಆರೋಗ್ಯ ಕೇಂದ್ರಗಳಲ್ಲಿ ಇದ್ದಿದ್ದರೆ ಅದೇ ಒಂದು ದೊಡ್ಡ ಅಧ್ಯಯನವಾಗುತ್ತಿತ್ತು.

ಪಿಡುಗಿನ ಹೊತ್ತಿಗೆ ಬೆಳಗಾವಿ ನಗರ ಸುಮ್ಮನಿರಲಿಲ್ಲ. ಕೋವ್ಯಾಕ್ಸಿನ್ ಲಸಿಕೆಯ ಆರಂಭಿಕ ಪ್ರಯೋಗಕ್ಕೆ 2020ರ ಜುಲೈಯಲ್ಲಿ ದೇಶದಲ್ಲಿ ಆರಿಸಿದ 12 ಜಾಗಗಳಲ್ಲಿ ಅಲ್ಲಿನ ಜೀವನ ರೇಖಾ ಆಸ್ಪತ್ರೆ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಪಾರಂಪರಿಕ ವೈದ್ಯ ಸಂಸ್ಥೆಯ ಪ್ರಯೋಗಾಲಯ ಸೋಂಕು ಪರೀಕ್ಷೆಗೆ ನಿಂತಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 30 ಜಿಲ್ಲೆಗಳ 290 ಆರೋಗ್ಯ ಸಂಸ್ಥೆಗಳ ಮೂಲಕ ದೊಡ್ಡ ಸಮೀಕ್ಷೆ ನಡೆಸಿತು. ಗರ್ಭಿಣಿಯರು, ಬಸ್ ಕಂಡಕ್ಟರುಗಳು, ಮಾರುಕಟ್ಟೆಯವರು, ಪೌರಕಾರ್ಮಿಕರು, ವೃದ್ಧರು ಎಂದು ವಿಂಗಡಿಸಿ ರಕ್ತ ತೆಗೆದರು. ರಾಜ್ಯದ ಶೇ 27ಕ್ಕೂ ಹೆಚ್ಚು ಜನರಿಗೆ ಆಗಲೇ ಸೋಂಕು ತಗುಲಿತ್ತು, ಪತ್ತೆಯಾದ ಒಬ್ಬರಿಗೆ ಸುಮಾರು 40 ಮಂದಿ ಸೋಂಕಿತರಿದ್ದರು ಎಂದು ಅದು ಹೇಳಿತು. ಒಳ್ಳೆಯ ಕೆಲಸ, ಶೀಘ್ರವಾಗಿ ಆದ ಕೆಲಸ. ಆದರೆ ಒಂದು ಘಟಕಕ್ಕೆ ನಿಗದಿಯಾದದ್ದು 432 ಜನ, ಒಂದು ಜಿಲ್ಲೆ ಒಂದು ಘಟಕ. 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ್ದ ಬೆಳಗಾವಿ ಜಿಲ್ಲೆಗೂ ಅಷ್ಟೇ. ಏಪ್ರಿಲಿನಲ್ಲಿ ಸೀಲ್‌ಡೌನ್ ಕಂಡ ಕುಡಚಿಗೂ ಖಾನಾಪುರದ ಕಾಡಂಚಿಗೂ ಒಂದೇ ಉತ್ತರ.

ಇನ್ನು ಮಾತ್ರೆಗಳ ವಿಷಯ. 2021ರ ಜನವರಿಯಲ್ಲಿ ಬ್ರಿಟನ್ನಿನ ‘ಪ್ರಿನ್ಸಿಪಲ್’ ಪ್ರಯೋಗ, ಮನೆಯಲ್ಲಿರುವ ಹಿರಿಯ ರೋಗಿಗಳಿಗೆ ಅಜಿಥ್ರೊಮೈಸಿನ್ ಆಗಲಿ ಡಾಕ್ಸಿಸೈಕ್ಲಿನ್ ಆಗಲಿ ಉಪಯೋಗಕ್ಕೆ ಬರುವುದಿಲ್ಲ ಎಂದು ತಿಳಿಸಿತು. ಆ ಪ್ರಯೋಗದ ವಿಶೇಷವೆಂದರೆ ಅದು ಮಹಾನಗರದ ಆಸ್ಪತ್ರೆಗಳಲ್ಲಿ ನಡೆದದ್ದಲ್ಲ, ಊರೂರಿನ ಕುಟುಂಬ ವೈದ್ಯರ ಮೂಲಕ ನಡೆದದ್ದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಅವೇ ಮಾತ್ರೆಗಳು ಔಷಧಿ ಅಂಗಡಿಗಳಿಂದ ಖಾಲಿಯಾದವು. ಏಪ್ರಿಲಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸೌಮ್ಯ ಲಕ್ಷಣದವರಿಗೆ ಐವರ್ಮೆಕ್ಟಿನ್ ಕೊಡಬಹುದು ಎಂದಿತ್ತು, ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಡಲಾಯಿತು. ಈ ನಡುವೆ ಅದನ್ನು ನುಂಗಿದ ಲಕ್ಷಾಂತರ ಜನರಿಂದ ನಾವು ಕಲಿತದ್ದು ಶೂನ್ಯ. ಕೊನೆಗೆ ಐವರ್ಮೆಕ್ಟಿನ್ ಬಗ್ಗೆ ನಮಗೆ ಹೇಳಿದ್ದು ಬ್ರೆಜಿಲ್ ಮೊದಲಾದ ಕಡೆ ನಡೆದ ಪ್ರಯೋಗಗಳು. ಬರಿದೇ ಹಂಚುವುದಕ್ಕೂ ಚೀಟಿ ಎತ್ತಿ ಅರ್ಧ ಹಳ್ಳಿಗಳಿಗೆ ಮೊದಲು, ಉಳಿದರ್ಧಕ್ಕೆ ಆಮೇಲೆ ಎಂದು ಹಂಚಿ ಬರೆದಿಡುವುದಕ್ಕೂ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ತಿಳಿವಳಿಕೆಯಲ್ಲಿ ಇರುವ ವ್ಯತ್ಯಾಸ ಮಾತ್ರ ಬಹಳ.

ಇಂಥ ಲೆಕ್ಕ ನಮ್ಮ ಸೀಮೆಗೆ ಹೊಸದೂ ಅಲ್ಲ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಲಸಿಕೆ ಹಾಕಿದ ಕ್ಯಾಪ್ಟನ್ ಲ್ಯೂಮನ್, ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ವಾರವಾರವೂ ಬರೆದಿಟ್ಟರು. ಇಂದಿನ ಕಣ್ಣಿಗೆ ಆ ಹೋಲಿಕೆಯಲ್ಲಿ ಹುಳುಕುಗಳು ಕಾಣುತ್ತವೆ. ಆದರೂ ಹೆಣಗಳ ನಡುವೆ ನಿಂತು ಎಣಿಸಬೇಕೆನಿಸಿತಲ್ಲ, ಅದು ದೊಡ್ಡದು. ಇಂಗ್ಲೆಂಡಿನ ಯಾರ್ಕ್‌ಶೈರಿನ ಹಳ್ಳಿ ವೈದ್ಯ ವಿಲಿಯಂ ಪಿಕಲ್ಸ್ 1929ರ ಕಾಮಾಲೆಯ ಸಮಯದಲ್ಲಿ ಯಾರು ಯಾರ ಮನೆಗೆ ಹೋದರು, ಯಾವ ಹಬ್ಬದಲ್ಲಿ ಯಾರು ಯಾರನ್ನು ಮುಟ್ಟಿದರು ಎಂದು ಪಟ್ಟಿ ಹಾಕಿ ರೋಗದ ಅಡಗುಕಾಲ ಸುಮಾರು ಒಂದು ತಿಂಗಳು ಎಂದು ಕಂಡುಹಿಡಿದರು. ನಗರದ ವೈದ್ಯರಿಗೆ ಅದು ಸಾಧ್ಯವಿರಲಿಲ್ಲ, ಅವರಿಗೆ ರೋಗಿಯ ನೆಂಟರಿಷ್ಟರು ಗೊತ್ತಿರಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಯಾವ ಊರಿನಿಂದ ಯಾವ ಬಂಡಿ ಬಂತು ಎಂದು ತಿಳಿದಿರುವ ಸಿಸ್ಟರುಗಳು ನಮ್ಮಲ್ಲೂ ಇದ್ದಾರೆ.

ಈ ಐದು ತಾಲ್ಲೂಕುಗಳು ಮಾತ್ರ ಕೇಳಬಹುದಾಗಿದ್ದ ಪ್ರಶ್ನೆಗಳನ್ನೇ ನೋಡಿ. ನಿಪ್ಪಾಣಿಯಲ್ಲಿ ತಂಬಾಕಿನ ಹುಡಿಯ ನಡುವೆ ದಿನ ಕಳೆಯುವ, ಬೀಡಿ ಕಟ್ಟುವ ಹೆಂಗಸರಿದ್ದಾರೆ. ಅವರಿಗೆ ಕೆಮ್ಮು ದಿನನಿತ್ಯದ ಸಂಗತಿ. ಕೆಮ್ಮನ್ನೇ ಮೊದಲ ಲಕ್ಷಣವೆಂದು ಹಿಡಿದ ತಪಾಸಣೆ ಅವರಲ್ಲಿ ಎಷ್ಟು ಜನರನ್ನು ತಪ್ಪಾಗಿ ಹಿಡಿಯಿತು, ಎಷ್ಟು ಜನರನ್ನು ‘ಇದು ಹೊಗೆಸೊಪ್ಪಿನ ಕೆಮ್ಮು’ ಎಂದು ಬಿಟ್ಟುಬಿಟ್ಟಿತು? ಪಿಡುಗಿಗೆ ಮೊದಲು ಅವರ ಶ್ವಾಸಕೋಶ ಹೇಗಿತ್ತು ಎಂಬ ಅಳತೆ ಇಲ್ಲದೆ ಇದಕ್ಕೆ ಉತ್ತರವಿಲ್ಲ. ಉಗಾರದಿಂದ ರಾಯಬಾಗದವರೆಗಿನ ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನಲ್ಲಿ ಹೊರಗಿನಿಂದ ಕಬ್ಬು ಕಡಿಯುವ ತಂಡಗಳು ಬರುತ್ತವೆ, ಹೊಲದ ಅಂಚಿನ ಗುಡಿಸಲಿನಲ್ಲಿ ಇರುತ್ತವೆ. ಅವರು ಯಾವ ಆಶಾಳ ಮನೆಪಟ್ಟಿಯಲ್ಲಿದ್ದಾರೆ? 2021ರ ಜುಲೈ ಕೊನೆಯಲ್ಲಿ ಎರಡನೇ ಅಲೆ ಇಳಿಯುತ್ತಿದ್ದಂತೆ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದವು. ಯಮಗರ್ಣಿಯ ಹತ್ತಿರ ಹೆದ್ದಾರಿಯೇ ಮುಳುಗಿತು, ಜನ ಕಾಳಜಿ ಕೇಂದ್ರಗಳಲ್ಲಿ ಒಟ್ಟಿಗೆ ಮಲಗಿದರು. ಪಿಡುಗು ಮತ್ತು ಪ್ರವಾಹ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದು ಲೋಕದ ಎಲ್ಲ ನದೀತೀರದವರಿಗೂ ಬೇಕಾದ ಪ್ರಶ್ನೆ. ಅದಕ್ಕೆ ಉತ್ತರಿಸುವ ಅವಕಾಶ ಸದಲಗಾ, ಯಡೂರು, ಮಾಂಜರಿಗಳ ಆರೋಗ್ಯ ಸಿಬ್ಬಂದಿಯ ಕಣ್ಣಮುಂದೆಯೇ ಇತ್ತು.

ಇದಕ್ಕೆ ಎದುರು ಬರುವ ಮಾತುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲನೆಯದು, ಇರುವ ಕೆಲಸಕ್ಕೇ ಉಸಿರಿಲ್ಲದವರ ಮೇಲೆ ಇನ್ನೊಂದು ಹೊರೆ. ಬಯಲುಸೀಮೆಯ ಲೆಕ್ಕದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ. ಅಲ್ಲಿನ ವೈದ್ಯಾಧಿಕಾರಿಯ ಅರ್ಧ ದಿನ ವರದಿ ತುಂಬುವುದರಲ್ಲೇ ಹೋಗುತ್ತದೆ. 2020ರ ಜುಲೈಯಲ್ಲಿ, ಪಿಡುಗು ಏರುತ್ತಿದ್ದಾಗಲೇ, ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಅವರಿಂದ ಪುಕ್ಕಟೆಯಾಗಿ ಸಂಶೋಧನೆ ಮಾಡಿಸಿಕೊಳ್ಳುವುದು ಶುದ್ಧ ಶೋಷಣೆ. ನನ್ನ ಉತ್ತರ: ಅವರು ಬರೆಯುತ್ತಿರುವುದು ಈಗಲೇ ಬಹಳ, ಅದರಲ್ಲಿ ಬಹುಪಾಲು ಯಾರೂ ಓದುವುದಿಲ್ಲ. ಓದದ ವರದಿಗಳನ್ನು ಕಡಿಮೆ ಮಾಡಿ, ಓದುವಂಥದ್ದಕ್ಕೆ ಹಣ ಕೊಡಿ.

ಎರಡನೆಯದು ಹೆಚ್ಚು ಗಂಭೀರ. ಬಡವರ ಊರುಗಳು ಪ್ರಯೋಗಕ್ಕೆ ಸುಲಭದ ತುತ್ತು. 2009ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಬಾಲಕಿಯರಿಗೆ ಹಾಕಿದ ಯೋಜನೆಯಲ್ಲಿ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು 2013ರ ಸಂಸದೀಯ ಸಮಿತಿಯ ವರದಿಯಲ್ಲಿ ಕಟುವಾಗಿ ದಾಖಲಾಗಿದೆ. ಅಲ್ಲಿನ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂಬುದು ಬೇರೆ ಮಾತು. ಮಕ್ಕಳ ತಂದೆತಾಯಿಯನ್ನು ಕೇಳದೆ ಹೋದದ್ದು ಅದರಿಂದ ಸರಿಯಾಗುವುದಿಲ್ಲ. ಹಾಗೆಂದು ಹಳ್ಳಿಯಲ್ಲಿ ಸಂಶೋಧನೆಯೇ ಬೇಡ ಎಂದರೆ, ಪರೀಕ್ಷಿಸದ ಮಾತ್ರೆಯನ್ನು ಒಪ್ಪಿಗೆ ಕೇಳದೆಯೇ ಎಲ್ಲರಿಗೂ ನುಂಗಿಸುವ 2021ರ ರೀತಿಯೇ ಉಳಿಯುತ್ತದೆ. ಅದೂ ಪ್ರಯೋಗವೇ, ನೀತಿ ಸಮಿತಿಯೂ ಇಲ್ಲದ, ಫಲಿತಾಂಶವೂ ಇಲ್ಲದ ಪ್ರಯೋಗ.

ಮಾಡಬೇಕಾದದ್ದು ಏನು? ಎಚ್1ಎನ್1 ಪಿಡುಗಿನ ನಂತರ ಬ್ರಿಟನ್ ಕೆಲವು ಅಧ್ಯಯನಗಳಿಗೆ ಮೊದಲೇ ಅನುಮತಿ ಪಡೆದು ಅವನ್ನು ಮಲಗಿಸಿಟ್ಟಿತ್ತು. ಪಿಡುಗು ಬಂದ ದಿನ ಎಬ್ಬಿಸುವುದಷ್ಟೇ ಬಾಕಿ. ಚಿಕ್ಕೋಡಿ ಉಪವಿಭಾಗದ ಕೆಲವು ಆರೋಗ್ಯ ಕೇಂದ್ರಗಳನ್ನು ಆರಿಸಿ, ನೀತಿ ಸಮಿತಿಯ ಒಪ್ಪಿಗೆ ಪಡೆದ ಮೂರು ನಾಲ್ಕು ಸರಳ ಯೋಜನೆಗಳನ್ನು ಶಾಂತಿಯ ಕಾಲದಲ್ಲೇ ಸಿದ್ಧಪಡಿಸಬಹುದು. ಬೆಳಗಾವಿಯ ವೈದ್ಯಕೀಯ ಕಾಲೇಜುಗಳಿಗೆ ವಿಧಾನ ಗೊತ್ತು, ಸಿಸ್ಟರುಗಳಿಗೆ ಮನೆಗಳು ಗೊತ್ತು. ಒಪ್ಪಿಗೆ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ, ಓದಲು ಬಾರದವರಿಗೆ ಬಾಯಿಮಾತಿನಲ್ಲೂ ಸಿಗಬೇಕು. ಗಡಿ ರಾಜಕಾರಣದವರು ಇದಕ್ಕೂ ತಕರಾರು ತೆಗೆಯಬಹುದು, ತೆಗೆಯಲಿ. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ರೋಗಿಯ ವಾಸದ ಊರನ್ನು ಹಿಡಿದು ಮಾಹಿತಿಯನ್ನು ತಿಂಗಳಿಗೊಮ್ಮೆ ಹಂಚಿಕೊಳ್ಳಲು ಹೆಚ್ಚಿನ ತಂತ್ರಜ್ಞಾನ ಬೇಕಿಲ್ಲ, ಎರಡು ಸರ್ಕಾರಗಳ ಒಂದು ಸುತ್ತೋಲೆ ಬೇಕು.

ಮೊದಲು ಯಾವ ಪ್ರಶ್ನೆ ಎಂಬುದನ್ನು ಆ ಸಿಬ್ಬಂದಿಯೇ ತಾಲ್ಲೂಕಿನ ಮಾಸಿಕ ಸಭೆಯಲ್ಲಿ ತೀರ್ಮಾನಿಸಲಿ. ಆ ಸಭೆ ಈಗಲೂ ನಡೆಯುತ್ತದೆ, ಗುರಿ ಮುಟ್ಟದವರನ್ನು ಬೈಯುವುದಕ್ಕೆ. ಅದರಲ್ಲಿ ಒಂದು ಗಂಟೆ ಕದಿಯಬಹುದು. ನನ್ನನ್ನು ಕೇಳಿದರೆ ನಿಪ್ಪಾಣಿಯ ಬೀಡಿ ಹೆಂಗಸರ ಶ್ವಾಸಕೋಶದ ಅಳತೆಯಿಂದ ಶುರುವಾಗಲಿ ಎನ್ನುತ್ತೇನೆ, ಯಾಕೆಂದರೆ ಅದಕ್ಕೆ ಪಿಡುಗು ಬರಬೇಕಿಲ್ಲ ಮತ್ತು ಅದರ ಫಲ ಅವರಿಗೇ ಮೊದಲು ಸಿಗುತ್ತದೆ. ಇದಕ್ಕೆ ಬೇಕಾದದ್ದು ಕೆಲವು ಸ್ಪೈರೋಮೀಟರುಗಳು, ತರಬೇತಿ, ಮತ್ತು ಪ್ರತಿ ಅಳತೆಗೂ ಅಳೆದವರಿಗೆ ಇಂತಿಷ್ಟು ಎಂಬ ಹಣ. ತಾಲ್ಲೂಕು ಆರೋಗ್ಯಾಧಿಕಾರಿಯ ಬಜೆಟ್ಟಿನಲ್ಲಿ ಸಂಶೋಧನೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇಲ್ಲದಿದ್ದರೆ ಆ ಹಣವನ್ನು ಬ್ಯಾನರಿನ ಖರ್ಚಿನಲ್ಲೋ ಉಪಾಹಾರದ ಖರ್ಚಿನಲ್ಲೋ ತೋರಿಸಬೇಕಾಗುತ್ತದೆ. ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಬೆಂಗಳೂರಿನ ಹಣಕಾಸು ಇಲಾಖೆಯಲ್ಲಿ, ಆ ಒಂದು ಸಾಲಿನಿಂದ.